ಹಿತ್ತಲ ಕೋಳಿಯೂ ಹಬ್ಬದ ಊಟವೂ

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದೂ, ತನ್ನ ಒಲೆಯ ಕೆಂಡದಿಂದಲೇ ಊರವರ ಒಲೆಗಳು ಉರಿಯುತ್ತವೆಂದೂ ನಂಬಿದ್ದ ಮುದುಕಿಯೊಬ್ಬಳು, ಊರಿನ ಮೇಲೆ ಮುನಿಸಿಕೊಂಡು ಕೋಳಿಯನ್ನೂ ಕೆಂಡವನ್ನೂ ಎತ್ತಿಕೊಂಡು ಕಾಡಿಗೆ ನಡೆದ ಕಥೆಯನ್ನು ಕನ್ನಡದ ಮಕ್ಕಳು ತಲೆತಲಾಂತರದಿಂದ ಕೇಳುತ್ತ ಬಂದಿದ್ದಾರೆ. ಶಾಲೆಗಳಲ್ಲಿ ನಾವು ಅದನ್ನು ಗರ್ವಭಂಗದ ನೀತಿಗಾಗಿ ಹೇಳುತ್ತೇವೆ. ಮುದುಕಿಯಿಲ್ಲದೆಯೂ ಬೆಳಗಾಯಿತೆಂದು ಹೇಳಿ ಮಕ್ಕಳನ್ನು ನಗಿಸುತ್ತೇವೆ. ಆದರೆ ಆ ಕಥೆಯಲ್ಲಿ ನೀತಿಯ ಜೊತೆಗೆ ಇತಿಹಾಸದ ಸಂಗತಿಯೂ ಒಂದು ಅಡಗಿದೆ. ಕಥೆ ಆ ಮುದುಕಿಯ ಹೊಲವನ್ನು ಹೇಳುವುದಿಲ್ಲ, ಎತ್ತನ್ನು ಹೇಳುವುದಿಲ್ಲ, ಗಂಡನನ್ನೂ ಹೇಳುವುದಿಲ್ಲ. ಅವಳದೆಂದು ಕಥೆ ಒಪ್ಪಿಕೊಳ್ಳುವ ಆಸ್ತಿ ಎರಡೇ: ಒಂದು ಕೋಳಿ, ಒಂದು ಒಲೆ. ನಮ್ಮ ಹಳ್ಳಿಗಳ ಅಸಂಖ್ಯ ಹೆಂಗಸರ ಆಸ್ತಿಯೂ ಬಹುಕಾಲ ಇಷ್ಟೇ ಆಗಿತ್ತು.

ರಾಜರ ಯುದ್ಧಗಳಿಗೆ ಇತಿಹಾಸವುಂಟು, ಕೆರೆಕಟ್ಟೆಗಳಿಗೆ ಉಂಟು, ಕುದುರೆ ಆನೆಗಳಿಗೂ ಉಂಟು. ಹಿತ್ತಲಲ್ಲಿ ಕೆದಕುತ್ತ ತಿರುಗುವ ಹೇಂಟೆಗೂ, ಅದನ್ನು ನೆಚ್ಚಿಕೊಂಡ ಹಬ್ಬದ ಊಟಕ್ಕೂ ಇತಿಹಾಸವುಂಟೆಂದು ಹೇಳಿದರೆ ಕೆಲವರು ನಕ್ಕಾರು. ಆದರೂ ನಮ್ಮ ಹೊಸೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಆ ಇತಿಹಾಸವನ್ನು ಸಾಧ್ಯವಾದಷ್ಟು ಒಟ್ಟುಗೂಡಿಸುವುದು ಈ ಲೇಖನದ ಉದ್ದೇಶ. ನಾವು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಹಿಂದೆ ಕೋಳಿಯನ್ನು ಸಾಕುವುದೂ ಹಬ್ಬಕ್ಕೆ ಉಣ್ಣುವುದೂ ಒಂದೇ ಕೈಯ ಕೆಲಸಗಳಾಗಿದ್ದುವು. ಸಾಕಣೆ ಊಟಕ್ಕೆ ಮಿತಿಯನ್ನು ಹಾಕುತ್ತಿತ್ತು. ಊಟ ಸಾಕಣೆಗೆ ಅರ್ಥವನ್ನು ಕೊಡುತ್ತಿತ್ತು. ಕಳೆದ ಐವತ್ತು ವರ್ಷಗಳಲ್ಲಿ ಇವೆರಡೂ ಬೇರೆಬೇರೆಯಾದುವು. ಅದರಿಂದ ಆದ ಲಾಭವೇನು, ನಷ್ಟವೇನು ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಹೆಸರಿನ ಮಾತು. ನಮ್ಮ ಕಡೆಯ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಕನ್ನಡಿಗನ ಕೋಳಿಯನ್ನು ತೆಲುಗಿನವನು ಕೋಡಿ ಎಂದು ಕೊಳ್ಳುತ್ತಾನೆ. ತಮಿಳರ ಮತ್ತು ಮಲೆಯಾಳಿಗಳ ಬಾಯಲ್ಲಿ ಅದು ಕೋೞಿ. ಕಾಸರಗೋಡಿನ ತುಳುವರಿಗೆ ಅದು ಕೋರಿ. ಹಳಗನ್ನಡದಲ್ಲಿಯೂ ಅದು ಕೋೞಿ ಎಂದೇ ಇದ್ದಿತು. ನಾವು ೞಕಾರವನ್ನು ಕಳೆದುಕೊಂಡೆವು, ಕೋಳಿಯನ್ನು ಉಳಿಸಿಕೊಂಡೆವು. ಈ ಭಾಷೆಗಳು ಒಂದನ್ನೊಂದು ಅಗಲುವ ಮೊದಲೇ ಕೋಳಿ ಈ ಜನರ ನಾಲಗೆಯ ಮೇಲೆ ಇದ್ದಿತೆಂದು ಇದರಿಂದ ಊಹಿಸಬಹುದು. ಗಡಿಗಳು ಆಮೇಲೆ ಬಂದುವು.

ಕೋಳಿಯ ಮೂಲವನ್ನು ಕುರಿತು ವಿದ್ವಾಂಸರು ಬಹಳ ಕಾಲದಿಂದ ವಿಚಾರ ಮಾಡಿದ್ದಾರೆ. ಆಂಗ್ಲ ಪ್ರಕೃತಿವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯ ಸಂತಾನವೆಂದು ವಾದಿಸಿದನು. ಆ ವಾದ ಬಹುಮಟ್ಟಿಗೆ ನಿಂತಿದೆ. 2020ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ಚೀನದ ನೈಋತ್ಯ ಭಾಗ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ಗಳಲ್ಲಿರುವ ಕೆಂಪು ಕಾಡುಕೋಳಿಯ ಒಂದು ಉಪಜಾತಿಯೇ ನಮ್ಮ ಕೋಳಿಗಳಿಗೆ ಅತ್ಯಂತ ಹತ್ತಿರದ ಬಂಧುವೆಂದು ತೋರಿಸಿತು. 2022ರಲ್ಲಿ ಪ್ರಾಕ್ತನ ಶಾಸ್ತ್ರಜ್ಞರು ಹಿಂದೆ ದೊರೆತಿದ್ದ ಎಲುಬುಗಳನ್ನು ಮರುಪರೀಕ್ಷೆ ಮಾಡಿ, ಸಾಕುಕೋಳಿಯದೆಂದು ನಂಬಬಹುದಾದ ಅತಿ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯವೆಂದೂ, ಅವು ಕ್ರಿಸ್ತಪೂರ್ವ 1650ರಿಂದ 1250ರ ನಡುವಿನ ಕಾಲದವೆಂದೂ ನಿರ್ಣಯಿಸಿದರು. ಅವರು ಹೇಳಿದ ಕಾರಣ ನಮ್ಮಂತಹ ಹಳ್ಳಿಗರಿಗೆ ಸುಲಭವಾಗಿ ಒಪ್ಪಿಗೆಯಾಗುವಂಥದು. ಮಳೆಯನ್ನು ನಂಬಿ ಭತ್ತವನ್ನೂ ಕಿರುಧಾನ್ಯಗಳನ್ನೂ ಬೆಳೆಯತೊಡಗಿದಾಗ, ಚೆಲ್ಲಿದ ಕಾಳಿನ ಆಸೆಗೆ ಕಾಡಿನ ಹಕ್ಕಿ ತಾನಾಗಿಯೇ ಮನುಷ್ಯನ ಬಳಿಗೆ ಬಂದಿತಂತೆ. ಕಣದ ಅಂಚಿನಲ್ಲಿ ಕೋಳಿಗಳು ಸೇರುವುದನ್ನು ಕಂಡವರಿಗೆ ಇದು ಹೊಸ ಮಾತೇನೂ ಅಲ್ಲ.

ಇದರಲ್ಲಿ ನಮ್ಮ ದಕ್ಷಿಣದೇಶದ ಪಾಲೂ ಒಂದುಂಟು. ಕೆಂಪು ಕಾಡುಕೋಳಿಯ ಬಂಧುವಾದ ಬೂದುಬಣ್ಣದ ಕಾಡುಕೋಳಿಯು ದಕ್ಷಿಣ ಭಾರತ ಮತ್ತು ಅದರ ನೆರೆಯ ಕಾಡುಗಳಲ್ಲಿ ಮಾತ್ರ ವಾಸಿಸುತ್ತದೆ. ವಯನಾಡು, ನೀಲಗಿರಿ, ತಾಳವಾಡಿಯ ಕಾಡುಗಳಲ್ಲಿ ಬೆಳಗಿನ ಜಾವ ಅದರ ಕೂಗನ್ನು ಕೇಳಬಹುದು. 2008ರ ಸಂಶೋಧನೆಯೊಂದರಂತೆ, ಲೋಕದ ಬಹುಪಾಲು ಸಾಕುಕೋಳಿಗಳ ಕಾಲಿನಲ್ಲೂ ಚರ್ಮದಲ್ಲೂ ಕಾಣುವ ಹಳದಿ ಬಣ್ಣವು ಈ ಬೂದು ಕಾಡುಕೋಳಿಯಿಂದ ಬಂದ ಬಳುವಳಿ. ಎಂದರೆ, ಪೂರ್ವದೇಶದಿಂದ ಬಂದ ಸಾಕುಕೋಳಿ ನಮ್ಮ ಕಾಡಿನ ಹುಂಜದೊಡನೆ ಎಂದೋ ಕೂಡಿ ಮರಿಮಾಡಿತು. ಆ ನೆಂಟಸ್ತಿಕೆಯ ಗುರುತು ಇಂದು ಲೋಕದ ಮೂಲೆಮೂಲೆಯ ಅಂಗಡಿಗಳಲ್ಲಿ ಕಾಣುತ್ತದೆ.

ಇನ್ನು ಶಾಸನ ಸಾಹಿತ್ಯಗಳತ್ತ ನೋಡೋಣ. ತಮಿಳುನಾಡಿನ ವಿಳುಪ್ಪುರಂ ಕಡೆಯ ಅರಸಲಾಪುರದಲ್ಲಿ, ಕಾಳಗದ ಹುಂಜವೊಂದರ ನೆನಪಿಗೆ ನೆಟ್ಟ ವೀರಗಲ್ಲು ಇದೆ. ಅದರ ಮೇಲೆ ಹುಂಜದ ಚಿತ್ರವೂ ಬರಹವೂ ಇವೆ. ಕಾಲ ಸುಮಾರು 5-6ನೆಯ ಶತಮಾನ. ನಮ್ಮವರು ಹಂದಿಯನ್ನು ಕೊಂದು ಮಡಿದ ಕಾಳಿ ಎಂಬ ಬೇಟೆನಾಯಿಗೆ ಆತಕೂರಿನಲ್ಲಿ 10ನೆಯ ಶತಮಾನದಲ್ಲಿ ಕಲ್ಲು ನೆಡಿಸಿದುದು ಪ್ರಸಿದ್ಧವಾಗಿದೆ. ಹಾಗೆಯೇ ಹುಂಜಕ್ಕೂ ವೀರನ ಮನ್ನಣೆ ದೊರೆತಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ 3ನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದಕ್ಕೂ, ಎಂದರೆ ಕೋಳಿ ಕಾಳಗಕ್ಕೂ, ಸ್ಥಾನವನ್ನು ಕೊಟ್ಟಿದ್ದಾನೆ. ಆದರೆ ವಾಚಕರು ಇದನ್ನು ಗಮನಿಸಬೇಕು: ಕಲ್ಲು ಸಿಕ್ಕಿದ್ದು ಹುಂಜಕ್ಕೆ, ಅರಸನ ಗ್ರಂಥದಲ್ಲಿ ಎಡೆ ಸಿಕ್ಕಿದ್ದೂ ಹುಂಜಕ್ಕೆ. ಮೊಟ್ಟೆಯಿಟ್ಟು, ಕಾವು ಕೂತು, ಮರಿಗಳನ್ನು ರೆಕ್ಕೆಯಡಿಯಲ್ಲಿ ಕಾಪಾಡಿದ ಹೇಂಟೆಗೆ ಅಂಥ ಕಲ್ಲನ್ನು ನಾವು ಕಂಡಿಲ್ಲ.

ಅಡಿಗೆಯ ಗ್ರಂಥಗಳ ಸ್ಥಿತಿಯೂ ಹೀಗೆಯೇ. ಕನ್ನಡದಲ್ಲಿ ಪಾಕವಿಷಯವನ್ನು ಹೇಳುವ ಹಳೆಯ ಗ್ರಂಥ 2ನೆಯ ಚಾವುಂಡರಾಯನ ಲೋಕೋಪಕಾರ. ಅದರ ಕಾಲ ಸುಮಾರು 1025. ತರುವಾಯ 16ನೆಯ ಶತಮಾನದಲ್ಲಿ 3ನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದನು. ಮಂಗರಸನು ಜೈನನು. ಈ ಎರಡು ಗ್ರಂಥಗಳಲ್ಲಿಯೂ ಇರುವುದು ಸಸ್ಯಾಹಾರದ ಪಾಕವೇ. ಸೋಮೇಶ್ವರನ ಸಂಸ್ಕೃತ ಗ್ರಂಥದಲ್ಲಿ ಮಾಂಸದ ಅಡಿಗೆಗಳು ಧಾರಾಳವಾಗಿ ಇವೆಯಾದರೂ ಅದು ಅರಮನೆಯ ಭೋಜನ. ಹೀಗಾಗಿ, ಕನ್ನಡ ಹಳ್ಳಿಗರ ಕೋಳಿಸಾರಿಗೆ ಹಳೆಯ ಕನ್ನಡ ಪುಸ್ತಕಗಳಲ್ಲಿ ಎಡೆ ದೊರೆಯಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿಬಂದ ವಿದ್ಯೆ.

ಕನ್ನಡದ ಒಂದು ಮಹಾಕೃತಿಯಲ್ಲಿ ಮಾತ್ರ ಕೋಳಿ ಕಥೆಯ ನಡುಗಂಬವಾಗಿ ನಿಂತಿದೆ. ಜನ್ನ ಕವಿಯು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ, ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದ ಯಶೋಧರ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಡುತ್ತಾನೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ತಾವೇ ಕೋಳಿಗಳಾಗಿ ಹುಟ್ಟುತ್ತಾರೆ. ಜೈನಧರ್ಮದ ಅಹಿಂಸಾತತ್ತ್ವವನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳುವುದು ಕಷ್ಟ. ಜನ್ನನ ತೀರ್ಪನ್ನು ನಮ್ಮ ಹಳ್ಳಿಗಳ ಬಹುಜನರು ಅಂಗೀಕರಿಸಲಿಲ್ಲ. ಆದರೆ ಅವನು ಎತ್ತಿದ ಪ್ರಶ್ನೆ ಅವರಿಗೆ ಅಪರಿಚಿತವೂ ಆಗಿರಲಿಲ್ಲ. ಕೈಯಾರೆ ನುಚ್ಚು ಹಾಕಿ ಸಾಕಿದ ಹಕ್ಕಿಯ ಕೊರಳನ್ನು ಹಬ್ಬದ ದಿನ ಕೊಯ್ಯಬೇಕಾದ ಮನೆಯಲ್ಲಿ, ಸಾಕಿದ ಕೈ ಕೊಯ್ಯುವ ಕಡೆಗೆ ಹೋಗುವುದಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಯಲ್ಲಿ ನಗು ಇರುವಂತೆಯೇ, ಕೇಳಬೇಕಾಗಿತ್ತೋ ಏನೋ ಎಂಬ ಒಂದು ಅಳುಕೂ ಇದೆ.

ಪುಸ್ತಕಗಳಲ್ಲಿ ಎಡೆ ಸಿಕ್ಕದ ಈ ಊಟ ಪಂಚಾಂಗದಲ್ಲಿ ಭದ್ರವಾಗಿ ಕುಳಿತಿದೆ. ಯುಗಾದಿಯ ದಿನ ಎಲ್ಲ ಮನೆಗಳಲ್ಲಿಯೂ ಎಣ್ಣೆಸ್ನಾನ, ಬೇವುಬೆಲ್ಲ, ಒಬ್ಬಟ್ಟು. ಅಂದು ಊರಿಗೆ ಊರೇ ಒಂದೇ ಊಟವನ್ನು ಉಣ್ಣುತ್ತದೆ. ಮಾರನೆಯ ದಿನ ಹೊಸತೊಡಕು. ಮಾಂಸಾಹಾರದ ರೂಢಿಯುಳ್ಳ ಮನೆಗಳಲ್ಲಿ ಅಂದು ಖಾರದ ಅಡಿಗೆ ಆಗಲೇಬೇಕು. ಹೊಸತೊಡಕಿನ ದಿನ ಮಾಡಿದ್ದು ವರ್ಷವಿಡೀ ನಡೆಯುತ್ತದೆಂಬ ನಂಬಿಕೆಯಿರುವುದರಿಂದ, ಅಂದು ಬಡವನೂ ತನ್ನ ಮಡಕೆ ಬರಿದಾಗಿರಲು ಬಿಡುವುದಿಲ್ಲ. ಹೀಗೆಯೇ ಭಾದ್ರಪದದ ಕೊನೆಯಲ್ಲಿ ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರಿಗೆ ಎಡೆ ಇಡುವಾಗ, ತೀರಿಹೋದವರಿಗೆ ಪ್ರಿಯವಾಗಿದ್ದ ಪದಾರ್ಥಗಳೆಲ್ಲವೂ ಎಲೆಯ ಮೇಲೆ ಬರಬೇಕು. ಅವುಗಳಲ್ಲಿ ಕೋಳಿಸಾರೂ ಒಂದು. ಊರ ಮಾರಮ್ಮನ ಹಬ್ಬ ಮತ್ತೊಂದು. ಇವಲ್ಲದೆ ಅಳಿಯ ಬಂದಾಗ, ಬಾಣಂತಿಗೆ ಪಥ್ಯ ಮುಗಿದಾಗ, ಕಣದ ಕೆಲಸ ತೀರಿದಾಗ ಒಂದೊಂದು ಕೋಳಿಯ ಲೆಕ್ಕ ಬೀಳುತ್ತಿತ್ತು.

ಈ ಲೆಕ್ಕವನ್ನು ನಡೆಸುತ್ತಿದ್ದವಳು ಮನೆಯ ಹೆಂಗಸು. ನಾಟಿ ಹೇಂಟೆ ವರ್ಷಕ್ಕೆ ಇಡುವ ಮೊಟ್ಟೆಗಳು ಐವತ್ತು ಅರವತ್ತನ್ನು ಮೀರುವುದು ಅಪರೂಪ. ಹತ್ತು ಹದಿನೈದು ಮೊಟ್ಟೆ ಇಟ್ಟಮೇಲೆ ಅದು ಕಾವಿಗೆ ಕೂರಲು ಹಾತೊರೆಯುತ್ತದೆ. ಆಗ ಒಡತಿ ಕೆಲವು ಮೊಟ್ಟೆಗಳನ್ನು ಮಾರಾಟಕ್ಕೂ ಮಕ್ಕಳ ಬಾಯಿಗೂ ತೆಗೆದಿರಿಸಿ, ಉಳಿದವನ್ನು ಹುಲ್ಲು ಹಾಸಿದ ಮಂಕರಿಯಲ್ಲಿ ಜೋಡಿಸಿ ಹೇಂಟೆಯನ್ನು ಕೂರಿಸುತ್ತಾಳೆ. ಗುಡುಗಿನ ಸದ್ದಿಗೆ ಮೊಟ್ಟೆ ಕೆಡದಿರಲೆಂದು ಇದ್ದಿಲಿನ ಚೂರನ್ನೋ ಕಬ್ಬಿಣದ ಚೂರನ್ನೋ ಮಂಕರಿಯಲ್ಲಿ ಇಡುವ ಪದ್ಧತಿಯೂ ಉಂಟು. ಇಪ್ಪತ್ತೊಂದು ದಿನಗಳಿಗೆ ಮರಿಗಳು ಒಡೆಯುತ್ತವೆ. ಆಮೇಲೆ ಹದ್ದಿಗೆ ಒಂದು, ಬೆಕ್ಕಿಗೆ ಒಂದು, ಮುಂಗುಸಿಗೆ ಒಂದು, ಮಳೆಯ ಥಂಡಿಗೆ ಮತ್ತೊಂದು. ಹನ್ನೆರಡು ಮೊಟ್ಟೆ ಇಟ್ಟಲ್ಲಿ ನಾಲ್ಕೈದು ಮರಿ ದೊಡ್ಡದಾದರೆ ಆ ಹೆಂಗಸು ಅದೃಷ್ಟವಂತೆ. ಅವುಗಳಲ್ಲಿ ಹೇಂಟೆಗಳನ್ನು ಮುಂದಿನ ಸಂತಾನಕ್ಕೆ ಉಳಿಸಬೇಕು. ಹುಂಜಗಳಲ್ಲಿ ಒಂದನ್ನು ದೇವರಿಗೆ ಬಿಡಬೇಕು. ಒಂದನ್ನು ಸಂತೆಗೆ ಕೊಟ್ಟು ಉಪ್ಪು, ಎಣ್ಣೆ, ಮಕ್ಕಳ ಪಾಟಿ ಬಳಪ ತರಬೇಕು. ಇಷ್ಟಾದ ಮೇಲೆ ಉಳಿಯುವುದು ಹಬ್ಬದ ಮಡಕೆಗೆ. ಕೋಳಿಯಿಲ್ಲದ ಬಡವೆಗೆ ನೆರೆಯವಳು ಒಂದು ಹೇಂಟೆಯನ್ನು ಪಾಲಿಗೆ ಕೊಡುವ ವಾಡಿಕೆಯೂ ಇದ್ದಿತು. ಮರಿಗಳಲ್ಲಿ ಅರ್ಧ ಒಡತಿಗೆ, ಅರ್ಧ ಸಾಕಿದವಳಿಗೆ. ಪತ್ರವಿಲ್ಲ, ರುಜುವಿಲ್ಲ, ಮಾತೇ ಕರಾರು.

ಈ ಲೆಕ್ಕವನ್ನು ಯಾವ ಶ್ಯಾನುಭೋಗರ ಕಡತವೂ ಬರೆದಿಡಲಿಲ್ಲ. ಆದರೆ ಹಬ್ಬದ ಊಟದ ಮಿತಿಯನ್ನು ನಿರ್ಣಯಿಸಿದ್ದು ಇದೇ ಲೆಕ್ಕ. ಹತ್ತು ಹನ್ನೆರಡು ಜನರ ಸಂಸಾರಕ್ಕೆ ಒಂದು ಹುಂಜ. ತುಪ್ಪಟ ಕಿತ್ತು, ಉರಿಯಲ್ಲಿ ಸುಟ್ಟು, ಅರಿಶಿನ ಬಳಿದು ತೊಳೆದು, ಎಲುಬಿನೊಡನೆ ಸಣ್ಣಗೆ ಹೆಚ್ಚುತ್ತಾರೆ. ಒಣಮೆಣಸಿನಕಾಯಿ, ಕೊತ್ತಂಬರಿಬೀಜ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿಗಳನ್ನು ಒರಳಿನಲ್ಲಿ ನುಣ್ಣಗೆ ಅರೆಯುತ್ತಾರೆ. ಇವುಗಳಲ್ಲಿ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳ ಮೂಲಕ 16ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದುದು. ಅದಕ್ಕೆ ಹಿಂದೆ ಖಾರವೆಂದರೆ ಕರಿಮೆಣಸೇ. ಬಲಿತ ನಾಟಿ ಹುಂಜ ಬೇಗ ಬೇಯುವುದಿಲ್ಲ. ಬಹಳ ಹೊತ್ತು ಕುದಿದು ತನ್ನ ಸಾರವನ್ನೆಲ್ಲ ನೀರಿಗೆ ಬಿಡುತ್ತದೆ. ಆದ್ದರಿಂದಲೇ ನಮ್ಮ ಊಟದಲ್ಲಿ ತುಂಡಿಗಿಂತ ಸಾರು ಮುಖ್ಯ, ಸಾರಿಗಿಂತ ರಾಗಿಮುದ್ದೆ ಮುಖ್ಯ. ಒಂದೇ ಹಕ್ಕಿಯನ್ನು ಹನ್ನೆರಡು ಎಲೆಗಳಿಗೆ ಹಂಚುವ ಉಪಾಯ ಅದು. ಬಡತನ ಕಲಿಸಿದ ಈ ಉಪಾಯವೇ ಕಾಲಕ್ರಮದಲ್ಲಿ ನಾಲಗೆಯ ರುಚಿಯಾಗಿ ನೆಲೆನಿಂತಿತು.

ಹಂಚಿಕೆಯಲ್ಲಿಯೂ ಒಂದು ಶಾಸನವಿದ್ದಿತು. ತೊಡೆ ಅಳಿಯನಿಗೋ ಮನೆಯ ಹಿರಿಯನಿಗೋ; ಈಲಿ ಮಗುವಿಗೆ; ಒಳ್ಳೆಯ ತುಂಡುಗಳು ದುಡಿದುಬಂದ ಗಂಡಸರಿಗೆ. ಮೊಟ್ಟೆ ಎಣಿಸಿ, ಕಾವು ಕೂರಿಸಿ, ಹದ್ದನ್ನು ಓಡಿಸಿ, ಕೊನೆಗೆ ಒಲೆಯ ಮುಂದೆ ಕುಳಿತು ಬೇಯಿಸಿದವಳ ಎಲೆಗೆ ಬರುತ್ತಿದ್ದುದು ಕತ್ತು, ರೆಕ್ಕೆಯ ತುದಿ, ಮತ್ತು ತಳದ ಸಾರು. ಹಳೆಯ ಕಾಲದ ಊಟವನ್ನು ಹೊಗಳುವವರು ಈ ಮಾತನ್ನು ಮರೆಯಬಾರದು. ಆ ಊಟದಲ್ಲಿ ಮಿತಿಯಿದ್ದಿತು. ನ್ಯಾಯ ಇದ್ದಿತೆಂದು ಹೇಳಲಾರೆವು.

ಹಿತ್ತಲ ಕೋಳಿಗೆ ದೊಡ್ಡ ಶತ್ರು ಹದ್ದಲ್ಲ, ರೋಗ. ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ಜಾಡ್ಯ ಬಂತೆಂದರೆ ಒಂದೇ ವಾರದಲ್ಲಿ ಕೇರಿಯ ಗೂಡುಗಳೆಲ್ಲ ಬರಿದಾಗುತ್ತವೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಜಾವಾ ದ್ವೀಪದಲ್ಲಿಯೂ ಈ ರೋಗವನ್ನು ಗುರುತಿಸಿದರು. ಅದರ ಹಿಂದೆಯೇ ಕುಮಾವೂಂ ಪ್ರದೇಶದ ರಾಣಿಖೇತದಲ್ಲಿ ಕಾಣಿಸಿಕೊಂಡುದರಿಂದ ನಮ್ಮ ದೇಶದಲ್ಲಿ ಅದಕ್ಕೆ ರಾಣಿಖೇತ ರೋಗವೆಂಬ ಹೆಸರು ನಿಂತಿತು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಲಸಿಕೆ ಬರುವ ಮೊದಲು ನಮ್ಮ ಹೆಂಗಸರಿಗೆ ಇದ್ದ ವಿವೇಕ ಒಂದೇ: ರೋಗದ ಸುದ್ದಿ ಕೇಳಿದೊಡನೆ ಬಲಿತ ಕೋಳಿಗಳನ್ನು ಕಡಮೆಮಾಡುವುದು. ಬೇಸಗೆಯ ಬಾಗಿಲಲ್ಲಿ ಬರುವ ಹೊಸತೊಡಕು, ಅದರ ಹಿಂದುಮುಂದಿನ ಮಾರಮ್ಮನ ಹಬ್ಬಗಳು ಈ ಕೆಲಸವನ್ನೂ ತಾವಾಗಿಯೇ ನೆರವೇರಿಸುತ್ತಿದ್ದುವೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ, ಬಲ್ಲವರು ವಿಚಾರಿಸಬಹುದು.

ಕಾನೂನು ಕೂಡ ಈ ಕಥೆಯಲ್ಲಿ ಬಂದು ಸೇರಿತು. ಟಿಪ್ಪು ಸುಲ್ತಾನನ ಮರಣಾನಂತರ ಮೈಸೂರಿನಿಂದ ಬೇರ್ಪಟ್ಟು ಕಂಪನಿಯ ಸೇಲಂ ಜಿಲ್ಲೆಗೆ ಸೇರಿದ ಹೊಸೂರು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಮದರಾಸು ರಾಜ್ಯದಲ್ಲೇ ಉಳಿಯಿತು. ಈಗ 2004ರಲ್ಲಿ ರಚಿತವಾದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ದೇವಾಲಯಗಳಲ್ಲಿ ಪ್ರಾಣಿ ಪಕ್ಷಿಗಳ ಬಲಿಯನ್ನು ನಿಷೇಧಿಸುವ ಕಾಯ್ದೆ ಮದರಾಸಿನಲ್ಲಿ 1950ರಲ್ಲಿಯೂ, ಮೈಸೂರಿನಲ್ಲಿ 1959ರಲ್ಲಿಯೂ, ಕೇರಳದಲ್ಲಿ 1968ರಲ್ಲಿಯೂ ಬಂದುವು. ತಮಿಳುನಾಡಿನಲ್ಲಿ ಬಹುಕಾಲ ಕಾಗದದ ಮೇಲೆ ಮಲಗಿದ್ದ ಆ ಕಾಯ್ದೆಯನ್ನು 2003ರಲ್ಲಿ ಬಿಗಿಯಾಗಿ ಜಾರಿಗೆ ತರಲು ಹೊರಟಾಗ ಜನರ ವಿರೋಧ ಎದ್ದು, 2004ರಲ್ಲಿ ಅದನ್ನು ರದ್ದುಮಾಡಬೇಕಾಯಿತು. ಹೀಗೆ ಗಡಿಯ ಆಚೆ ನಿಷಿದ್ಧವಾದುದು ಈಚೆ ನಿಷಿದ್ಧವಲ್ಲ. ಆಚೆ ಈಚೆಗಳೆರಡರಲ್ಲಿಯೂ ನೆಂಟರಿರುವ ನಮ್ಮ ಜನಕ್ಕೆ ಹಬ್ಬ ಒಂದೇ, ಸಾರೂ ಒಂದೇ. ಬೇರೆಯಾದುದು ಕಾಯ್ದೆಯ ಪುಸ್ತಕ ಮಾತ್ರ.

ಇನ್ನು ದೊಡ್ಡ ಬದಲಾವಣೆಯ ಕಥೆ. ನಮ್ಮ ಮತ್ತಿಗಿರಿಯ ಪಶುಕ್ಷೇತ್ರ 1824ರಷ್ಟು ಹಿಂದಿನದು. ಮೊದಲು ಅದು ಸೈನ್ಯದ ಕುದುರೆಗಳಿಗಾಗಿ ಇದ್ದಿತು. ಇಂದು ಅದೇ ಮತ್ತಿಗಿರಿಯಲ್ಲಿ ಕೋಳಿ ಸಾಕಣೆಯನ್ನೇ ಕಲಿಸುವ ಕಾಲೇಜು ಇದೆ. ಕುದುರೆಯಿಂದ ಕೋಳಿಯವರೆಗಿನ ಈ ಪಯಣ ದೇಶದ ಕಥೆಯೂ ಹೌದು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ಬಿಳಿಯ ಲೆಗ್‌ಹಾರ್ನ್, ಕೆಂಪು ರೋಡ್ ಐಲೆಂಡ್ ಮುಂತಾದ ಸೀಮೆಕೋಳಿಗಳು ಹಳ್ಳಿಗಳಿಗೆ ಬಂದುವು. ಮೊಟ್ಟೆ ಹೆಚ್ಚಿತು, ಆದರೆ ಅವುಗಳಿಗೆ ಕಾವು ಕೂರುವುದೇ ಬೇಡವಾಗಿತ್ತು. ಇತ್ತ ಅಮೆರಿಕದ ಡೆಲವೇರ್ ಪ್ರಾಂತದಲ್ಲಿ 1923ರಲ್ಲೇ ಒಂದು ವಿಚಿತ್ರ ನಡೆದಿತ್ತು. ಸಿಸಿಲಿ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗೆಂದು ಐವತ್ತು ಮರಿಗಳನ್ನು ತರಿಸಿದಾಗ ಮಾರಿದವರ ಕೈತಪ್ಪಿನಿಂದ ಐನೂರು ಬಂದುವು. ಆಕೆ ಅವನ್ನು ಹಿಂದಿರುಗಿಸದೆ ಮಾಂಸಕ್ಕಾಗಿ ಬೆಳೆಸಿ ಮಾರಿ ಲಾಭ ಪಡೆದಳು. ನಾವು ಬಾಯ್ಲರ್ ಕೋಳಿ ಎನ್ನುವುದರ ಉದ್ಯಮ ಅಲ್ಲಿಂದ ಬೆಳೆಯಿತೆಂದು ಹೇಳುವರು. ಅದರ ಬೇರೂ ಒಬ್ಬ ಹೆಂಗಸಿನ ಹಿತ್ತಲಲ್ಲೇ ಇರುವುದು ಗಮನಾರ್ಹ. ಭಾರತದಲ್ಲಿ 1970ರ ತರುವಾಯ ದೊಡ್ಡ ಮರಿಕೇಂದ್ರಗಳು ಎದ್ದುವು. ನಾಮಕ್ಕಲ್ ಮೊಟ್ಟೆಯ ಪಟ್ಟಣವಾಯಿತು. 1982ರಲ್ಲಿ ಮೊಟ್ಟೆಯ ಬೆಲೆಯನ್ನು ಬೆಳೆಗಾರರೇ ಸೂಚಿಸಲು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಏರ್ಪಟ್ಟಿತು. ಬಾಯ್ಲರ್ ಮರಿ ಆರು ವಾರಗಳಲ್ಲಿ ಎರಡು ಕಿಲೋ ತೂಗುವಂತಾಯಿತು. ಫಾರಂ ಹೇಂಟೆ ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವಂತಾಯಿತು.

ಈ ಉದ್ಯಮವನ್ನು ಹಳಿಯುವುದು ಕೃತಘ್ನತೆ. ಶಾಲಾ ಉಪಾಧ್ಯಾಯರಾದ ನಾವು ಅದರ ಫಲವನ್ನು ಪ್ರತಿದಿನವೂ ಕಣ್ಣಾರೆ ಕಾಣುತ್ತೇವೆ. ತಮಿಳುನಾಡಿನಲ್ಲಿ 1982ರಲ್ಲಿ ವಿಸ್ತರಿಸಿದ ಪೌಷ್ಟಿಕ ಊಟದ ಯೋಜನೆಯಲ್ಲಿ 1989ರಿಂದ ಎರಡು ವಾರಕ್ಕೊಂದು ಮೊಟ್ಟೆ ಸೇರಿತು. ಮುಂದೆ ಅದು ಶಾಲೆಯ ದಿನಗಳಲ್ಲೆಲ್ಲ ದೊರೆಯುವಂತಾಯಿತು. ಕರ್ನಾಟಕದ ಶಾಲೆಗಳಿಗೆ ಮೊಟ್ಟೆ ಬಂದುದು 2021ರಲ್ಲಿ, ಮೊದಲು ಈಶಾನ್ಯದ ಕೆಲವು ಜಿಲ್ಲೆಗಳಿಗೆ. ಗಡಿಯ ಈಚೆಗಿನ ಕನ್ನಡ ಶಾಲೆಯ ಮಕ್ಕಳು ಈ ಒಂದು ವಿಷಯದಲ್ಲಿ ಮುಂದಿದ್ದರೆಂದು ಹೇಳಬಹುದು. ಹಿತ್ತಲ ಹೇಂಟೆಯನ್ನೇ ನೆಚ್ಚಿದ್ದರೆ ಇಷ್ಟು ಮಕ್ಕಳಿಗೆ ದಿನಕ್ಕೊಂದು ಮೊಟ್ಟೆ ಎಂದಿಗೂ ಒದಗುತ್ತಿರಲಿಲ್ಲ. ಹಿಂದೆ ಮೊಟ್ಟೆಯನ್ನು ಮಾರಿ ಪಾಟಿ ಕೊಂಡ ತಾಯಿಯ ಮೊಮ್ಮಗಳು ಇಂದು ಪಾಟಿಯನ್ನೂ ಮೊಟ್ಟೆಯನ್ನೂ ಒಟ್ಟಿಗೆ ಪಡೆಯುತ್ತಾಳೆ.

ಆದರೂ ನಷ್ಟದ ಪಟ್ಟಿಯನ್ನು ಮುಚ್ಚಿಡಲಾಗದು. ಹೊಸತೊಡಕಿನ ಬೆಳಗ್ಗೆ ಅಂಗಡಿಗಳ ಮುಂದೆ ಉದ್ದುದ್ದನೆಯ ಸಾಲುಗಳು ನಿಲ್ಲುತ್ತವೆ. ಊಟಕ್ಕೆ ಈಗ ಜೇಬು ಮಾತ್ರ ಮಿತಿ. ವರ್ಷಕ್ಕೆ ಆರೇಳು ಬಾರಿ ಬರುತ್ತಿದ್ದ ಊಟ ವಾರಕ್ಕೊಮ್ಮೆ ಬಂದರೆ ಅದು ಹಬ್ಬವಾಗಿ ಉಳಿಯುವುದಿಲ್ಲ. ಕೋಳಿಯ ಹಣ ಹೆಂಗಸಿನ ಸೆರಗಿನ ಗಂಟಿನಿಂದ ಶೆಡ್ಡಿನ ಯಜಮಾನನ ಲೆಕ್ಕಕ್ಕೂ, ಅಲ್ಲಿಂದ ಕಂಪನಿಯ ಲೆಕ್ಕಕ್ಕೂ ಹೋಯಿತು. ನಮ್ಮ ತರಗತಿಯ ಮಕ್ಕಳಿಗೆ ನಾಟಿ, ಫಾರಂ, ಬಾಯ್ಲರ್ ಎಂಬ ಮಾತುಗಳು ಚೆನ್ನಾಗಿ ಗೊತ್ತು. ಕಾವು, ಹೇಂಟೆ, ಮಂಕರಿ, ಪಾಲಿಗೆ ಕೊಡುವುದು ಎಂದರೆ ಅರ್ಧಕ್ಕರ್ಧ ಮಕ್ಕಳು ಬೆರಗಾಗಿ ನೋಡುತ್ತಾರೆ. ಶಾಲೆಯ ಹೊರಗೆ ಬೇರೆ ಭಾಷೆಯ ನಡುವೆ ಬಾಳುವ ಮಕ್ಕಳು ಇವರು. ಹಿತ್ತಲಿನಿಂದ ಒಂದು ಕೆಲಸ ಹೋದರೆ ಅದರ ಬೆನ್ನಿಗೆ ಹತ್ತು ಕನ್ನಡ ಮಾತುಗಳು ಹೋಗುತ್ತವೆ. ಅವನ್ನು ಪಠ್ಯಪುಸ್ತಕದಿಂದ ಮರಳಿ ತರುವುದು ಸುಲಭವಲ್ಲ.

ಹಾಗೆಂದು ಹಿತ್ತಲ ಕೋಳಿ ಅಳಿದುಹೋಯಿತೆಂದು ಯಾರೂ ಶೋಕಿಸಬೇಕಾಗಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಕೋಳಿ ಮೊದಲಾದ ಸಾಕುಹಕ್ಕಿಗಳು ಸುಮಾರು 85 ಕೋಟಿ. ಅವುಗಳಲ್ಲಿ ಹಿತ್ತಲಲ್ಲಿ ಸಾಕಿದವು ಸುಮಾರು 31.7 ಕೋಟಿ. 2012ರ ಗಣತಿಗಿಂತ ಇದು ಶೇಕಡ 45ಕ್ಕೂ ಹೆಚ್ಚಿನ ಏರಿಕೆ. ಅದೇ ಅವಧಿಯಲ್ಲಿ ಫಾರಂ ಹಕ್ಕಿಗಳ ಏರಿಕೆ ಶೇಕಡ 4.5 ಮಾತ್ರ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ವನರಾಜ ಮುಂತಾದ ತಳಿಗಳು ಹಿತ್ತಲಲ್ಲಿಯೇ ಬಾಳಿ ಹೆಚ್ಚು ಮೊಟ್ಟೆ ಕೊಡಬಲ್ಲವು. ನಾಟಿಕೋಳಿಗೆ ಪೇಟೆಯಲ್ಲಿ ಬಾಯ್ಲರಿಗಿಂತ ಹೆಚ್ಚಿನ ಬೆಲೆ ಇದೆ. ಹೇಂಟೆ ಹಿತ್ತಲಿಗೆ ಮರಳಿ ಬರುತ್ತಿದೆ. ಅದರ ಜೊತೆಗೆ ಆ ಹಣವೂ ಸಾಕಿದವಳ ಕೈಗೆ ಮರಳುವುದೋ ಇಲ್ಲವೋ ಎಂಬುದೇ ಈಗ ಉಳಿದಿರುವ ಪ್ರಶ್ನೆ.

ಇದಕ್ಕೆ ಉತ್ತರವನ್ನು ಸರಕಾರವೊಂದೇ ಕೊಡಲಾರದು, ಮನೆಮನೆಯೂ ಕೊಡಬೇಕು. ನಮ್ಮ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಎರಡು. ಒಂದನೆಯದು, ಎಪ್ಪತ್ತು ದಾಟಿದ ಅಜ್ಜಿಯರು ಇನ್ನೂ ಪ್ರತಿ ಹಳ್ಳಿಯಲ್ಲಿ ಇದ್ದಾರೆ. ಅವರು ಕೋಳಿಯನ್ನು ಬಣ್ಣದಿಂದ, ಜುಟ್ಟಿನಿಂದ, ಕೂಗಿನಿಂದ ಹೇಗೆ ಗುರುತಿಸಿ ಹೆಸರಿಡುತ್ತಿದ್ದರು, ಯಾವ ಹಬ್ಬಕ್ಕೆ ಯಾವ ಹಕ್ಕಿಯನ್ನು ತೆಗೆದಿರಿಸುತ್ತಿದ್ದರು, ಒರಳಿಗೆ ಏನೇನು ಹಾಕುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಈ ಪತ್ರಿಕೆಗೆ ಕಳುಹಿಸಿದರೆ, ಚಾವುಂಡರಾಯನೂ ಮಂಗರಸನೂ ಬರೆಯದೆ ಬಿಟ್ಟ ಅಧ್ಯಾಯವೊಂದು ಕನ್ನಡಕ್ಕೆ ದೊರೆಯುತ್ತದೆ. ಎರಡನೆಯದು ಇನ್ನೂ ಸುಲಭ. ಬರುವ ಹೊಸತೊಡಕಿಗೆ ಕೋಳಿಸಾರು ಆಗುವ ಮನೆಗಳಲ್ಲಿ, ಬಡಿಸುವಾಗ ಒಳ್ಳೆಯ ತುಂಡೊಂದನ್ನು ಬೇಯಿಸಿದವಳ ಎಲೆಗೆ ಮೊದಲು ಹಾಕಿರಿ. ಅಷ್ಟನ್ನು ಮಾಡಲು ಯಾವ ಕಾಯ್ದೆಯೂ ಬೇಕಾಗಿಲ್ಲ.